ಚಕ್ರಕ್ಕಂಟುವ ಬ್ರೇಕ್ ಧೂಳು

ಬ್ರೇಕ್ ಒತ್ತಿದಾಗ ಪ್ಯಾಡ್ ಎಂಬ ಘರ್ಷಣಪಟ್ಟಿಯು ಎರಕದ ಕಬ್ಬಿಣದ ಡಿಸ್ಕಿಗೆ ಉಜ್ಜಿ, ಎರಡೂ ಸವೆದು ಉದುರುವ ಕಪ್ಪು ಪುಡಿಯೇ ಬ್ರೇಕ್ ಧೂಳು. ಇದರೊಳಗಿನ ಕಬ್ಬಿಣದ ಕಣಗಳು ತೇವ ತಗುಲಿ ತುಕ್ಕು ಹಿಡಿದು, ಅಲಾಯ್ ಚಕ್ರದ ಹೊರಲೇಪವನ್ನು ಕಚ್ಚಿಕೊಂಡರೆ ಸಾಬೂನು ನೀರಿಗೆ ಜಗ್ಗುವುದಿಲ್ಲವಾದ್ದರಿಂದ, ವಾರಕ್ಕೊಮ್ಮೆ, ಚಕ್ರ ಪೂರ್ತಿ ತಣಿದ ಮೇಲೆ, ಮೊದಲು ಧಾರಾಳವಾಗಿ ನೀರು ಹಾಯಿಸಿ, ಬಳಿಕ ಕಾರ್ ಶಾಂಪೂ ಮತ್ತು ಮೃದುವಾದ ಬ್ರಷ್‌ನಿಂದ ಸಂದುಗೊಂದುಗಳನ್ನೂ ತೊಳೆಯುವುದು ಲೇಸು. ಒಣಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಜಗ್ಗದ ಕಲೆಗೆ, ಕಬ್ಬಿಣದೊಡನೆ ಸೇರಿ ನೇರಳೆ ಬಣ್ಣಕ್ಕೆ ತಿರುಗುವ ‘ಐರನ್ ರಿಮೂವರ್’ ದ್ರಾವಣವುಂಟು. ಅದರ ದುರ್ವಾಸನೆಯನ್ನು ಸಹಿಸಿಕೊಂಡು, ಒಣಗುವ ಮುನ್ನವೇ ತೊಳೆದುಬಿಡಬೇಕು. ಒಂದೇ ಚಕ್ರ ಉಳಿದವುಗಳಿಗಿಂತ ಬೇಗ ಕಪ್ಪಾಗುತ್ತಿದ್ದರೆ, ಪ್ಯಾಡನ್ನು ಒತ್ತುವ ಕ್ಯಾಲಿಪರ್ ಬಿಗಿದುಕೊಂಡಿರುವ ಸಾಧ್ಯತೆಯಿರುವುದರಿಂದ, ಮೆಕ್ಯಾನಿಕ್‌ಗೆ ತೋರಿಸುವುದನ್ನು ಮುಂದೂಡಬಾರದು.