ಹಾಡಿಗೆ ಮರಳುವ ಹಾದಿ

ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯು ನಾಗರಹೊಳೆ ಅರಣ್ಯದ ಹೆಬ್ಬಾಗಿಲು. ಈ ಕಾಡಿನಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ತಲೆಮಾರುಗಳಿಂದ ‘ಹಾಡಿ’ ಎಂಬ ಚಿಕ್ಕ ವಸತಿಗಳಲ್ಲಿ ಬಾಳಿದವರು. 1955ರಲ್ಲಿ ಕಾಡು ವನ್ಯಮೃಗಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ರಾಷ್ಟ್ರೀಯ ಉದ್ಯಾನವೂ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಹುಲಿಯ ರಕ್ಷಣೆ ಅವಶ್ಯವೇ ಸರಿ. ಆದರೆ ಈ ಅವಧಿಯಲ್ಲಿ ಸಾವಿರಾರು ಕುಟುಂಬಗಳು ಕಾಡಿನಿಂದ ಹೊರಬಿದ್ದುವು. ಕೆಲವರು ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿ ಕೇಂದ್ರಗಳನ್ನೂ, ಅನೇಕರು ಕೊಡಗಿನ ಕಾಫಿ ತೋಟಗಳ ಲೈನುಮನೆಗಳನ್ನೂ ಸೇರಿದರು.

2025ರ ಮೇ 5ರಂದು ಸುಮಾರು 50 ಜೇನುಕುರುಬ ಕುಟುಂಬಗಳು ಇದೇ ಅರಣ್ಯದ ಕೊಡಗು ಭಾಗದಲ್ಲಿರುವ ಕರಡಿಕಲ್ಲು ಅತ್ತೂರು ಕೊಲ್ಲಿ ಎಂಬ ತಮ್ಮ ಹಳೆಯ ಹಾಡಿಗೆ ಹಿಂದಿರುಗಿ ಗುಡಿಸಲು ಕಟ್ಟತೊಡಗಿದುವು. ಅರಣ್ಯ ಇಲಾಖೆ ಆಕ್ಷೇಪಿಸಿತು. ಹೀಗೆ ದಶಕಗಳ ಅನಂತರ ಮರಳಿ ಬಾಳಲು ಏನೇನು ಬೇಕು ಎಂಬುದನ್ನು ವಿಚಾರಿಸೋಣ.

ಮೊದಲನೆಯದು, ಪುರಾವೆ. 2006ರ ಅರಣ್ಯ ಹಕ್ಕು ಕಾಯಿದೆಯು, 2005ರ ಡಿಸೆಂಬರ್ 13ಕ್ಕೆ ಮುಂಚೆ ಪುನರ್ವಸತಿಯಿಲ್ಲದೆ ಅಕ್ರಮವಾಗಿ ಹೊರಹಾಕಲ್ಪಟ್ಟವರಿಗೂ ಹಕ್ಕನ್ನು ಕೊಡುತ್ತದೆ. ಅದರ ನಿಯಮಗಳ ಪ್ರಕಾರ ಕಾಗದಪತ್ರವೊಂದೇ ಸಾಕ್ಷಿಯಲ್ಲ. ಹಳೆಯ ಬಾವಿ, ಸಮಾಧಿ, ದೇವರ ತಾಣಗಳೂ ಸಾಕ್ಷಿ. ಹಿರಿಯರ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷಿ.

ಎರಡನೆಯದು, ಅರಿವು. ಹೆಜ್ಜೇನು ಎತ್ತರದ ಕೊಂಬೆಯ ಅಡಿಯಲ್ಲಿ ಒಂದೇ ಒಂದು ದೊಡ್ಡ ಹಲ್ಲೆಯನ್ನು ಬಯಲಿನಲ್ಲಿ ಕಟ್ಟುತ್ತದೆ. ತುಪ್ಪವು ಕೊಂಬೆಗೆ ಅಂಟಿದ ಮೇಲ್ಭಾಗದಲ್ಲಿ, ಮರಿಗಳು ಕೆಳಭಾಗದಲ್ಲಿ. ಇದನ್ನು ತಿಳಿದವನು ಮರಿಗಳ ಭಾಗಕ್ಕೆ ಹಾನಿ ತಾರದೆ ತುಪ್ಪವನ್ನಷ್ಟೇ ಕೊಯ್ಯಬಲ್ಲ. ಹೂವು ಮುಗಿದೊಡನೆ ಹೆಜ್ಜೇನು ವಲಸೆ ಹೋಗುತ್ತದೆ. ತಿಂಗಳುಗಳ ಅನಂತರ ಅನೇಕ ವೇಳೆ ಅದೇ ಮರಕ್ಕೆ, ಕೆಲವೊಮ್ಮೆ ಅದೇ ಕೊಂಬೆಗೆ ಮರಳುತ್ತದೆ. ಯಾವ ಮರಕ್ಕೆ, ಯಾವ ಹೂವಿನ ಕಾಲದಲ್ಲಿ ಎಂಬ ಲೆಕ್ಕವು ಮರವೇರಿದವರ ನೆನಪಿನಲ್ಲಿದೆಯೇ ಹೊರತು ಪುಸ್ತಕದಲ್ಲಲ್ಲ. ತೋಟದ ಲೈನಿನಲ್ಲಿ ಹುಟ್ಟಿದ ಮಗುವಿಗೆ ಅದನ್ನು ಕಾಡಿನಲ್ಲಿಯೇ ಕಲಿಸಬೇಕು, ಕಲಿಸುವವರಿಗೆ ವಯಸ್ಸಾಗುತ್ತಿದೆ.

ಮೂರನೆಯದು, ಕಾಡಿನ ಸ್ಥಿತಿ. ಬಿಟ್ಟುಹೋದ ಕಾಡು ಹಾಗೆಯೇ ಕಾದಿರುವುದಿಲ್ಲ. ಅಮೆರಿಕಾ ಖಂಡದ ಉಷ್ಣವಲಯದಿಂದ 19ನೆಯ ಶತಮಾನದಲ್ಲಿ ಅಲಂಕಾರಕ್ಕೆಂದು ತಂದ ಲಂಟಾನವು ನಮ್ಮ ಕಾಡುಗಳಲ್ಲಿ ಪೊದೆಪೊದೆಯಾಗಿ ಹಬ್ಬಿ, ಹುಲ್ಲಿಗೂ ಸಸಿಗಳಿಗೂ ಬೆಳಕನ್ನು ತಡೆದಿದೆ. ಹುಲ್ಲು ಕುಗ್ಗಿದರೆ ಜಿಂಕೆಗೆ ಮೇವಿಲ್ಲ. ಜಿಂಕೆಯಿಲ್ಲದೆ ಹುಲಿಗೆ ಆಹಾರವಿಲ್ಲ. ಆದ್ದರಿಂದ ಮರಳುವವರು ಹಳೆಯ ಅರಿವಿನೊಡನೆ ಹೊಸದನ್ನೂ ಕಲಿಯಬೇಕಾಗುತ್ತದೆ.

ಹುಲಿಯ ಕಾಡಿನಲ್ಲಿ ಜನರ ಹಕ್ಕಿಗೆ ಎಡೆಯುಂಟೆ? ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳೂ ದೊರೆತುವು. ಎರಡಕ್ಕೂ ಒಂದೇ ಕಾಡಿನಲ್ಲಿ ಎಡೆ ದೊರೆತುದಕ್ಕೆ ಇದು ನಿದರ್ಶನ.

ಹಕ್ಕುಪತ್ರವು ತಡವಾದರೂ ಬರಬಹುದು. ಆದರೆ ಹಿರಿಯರೊಡನೆ ಅಳಿದ ಅರಿವು ಮರಳಿ ಬಾರದು. ಮರಳುವ ವಿಚಾರದಲ್ಲಿ ಕಾಲವೇ ಮುಖ್ಯವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.