ರಜೆಗೆ ಊರಿಗೆ ಹೋದಾಗ ಲಿನಕ್ಸ್‌ನಲ್ಲಿ ವೈಫೈ ಬರದಿದ್ದರೆ

ಹಾಸ್ಟೆಲ್‌ನಲ್ಲಿ ಲ್ಯಾನ್ ಕೇಬಲ್ ಹಾಕಿಕೊಂಡೇ ಲಿನಕ್ಸ್ ಬಳಸಿದವರಿಗೆ ವೈಫೈ ಕೆಲಸ ಮಾಡ್ತಿಲ್ಲ ಅಂತ ಗೊತ್ತಾಗೋದು ಊರಿಗೆ ಹೋದ ಮೇಲೇ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರಿಗಂತೂ ಕಷ್ಟ ಜಾಸ್ತಿ. ಗುಡ್ಡ ಅಡ್ಡ ಬಂದು ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಷ್ಟೇ; ಪೇಟೆಗೆ ಹೋಗಬೇಕಂದ್ರೆ ಬಸ್ಸು ಕಾಯಬೇಕು. ಲ್ಯಾಬ್ ರೆಕಾರ್ಡ್ ಅಪ್‌ಲೋಡ್ ಮಾಡೋಕೆ ನಾಳೆಯೇ ಕೊನೇ ದಿನ. ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಡ್ರೈವರ್ ಬೇಕು. ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ.

ತಕ್ಷಣ ಮತ್ತೆ ಇನ್‌ಸ್ಟಾಲ್ ಮಾಡೋಕೆ ಹೊರಡಬೇಡಿ ಮಾರಾಯ್ರೆ. ಟರ್ಮಿನಲ್‌ನಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಕೊಡಿ. ಆಜ್ಞೆಗಳನ್ನೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. 'ಹಾರ್ಡ್ ಬ್ಲಾಕ್ಡ್' ಎದುರು 'ಯೆಸ್' ಇದ್ದರೆ ವೈಫೈ ಸ್ವಿಚ್ಚೋ ಕೀಲಿಯೋ ಆಫ್ ಆಗಿರುತ್ತೆ. 'ಸಾಫ್ಟ್' ಆದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಸಾಕು.

ಪಟ್ಟಿಯಲ್ಲಿ ವೈರ್‌ಲೆಸ್ ಸಾಲೇ ಇಲ್ಲ ಅಂದ್ರೆ ಡ್ರೈವರ್ ಮೇಲೆ ಅನುಮಾನ. 'ಎಲ್‌ಎಸ್‌ಪಿಸಿಐ' ಬರೆದು, ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಕಿ 'ಎನ್‌ಎನ್‌ಕೆ' ಸೇರಿಸಿ. ನೆಟ್‌ವರ್ಕ್ ಕಂಟ್ರೋಲರ್ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಸಾಲು ಕಾಣದಿದ್ದರೆ ಚಿಪ್ಪಿಗೆ ಡ್ರೈವರ್ ಸಿಕ್ಕಿಲ್ಲ. ಆ ಸಾಲು ಇದ್ದೂ ವೈಫೈ ಇಲ್ಲವೆಂದರೆ 'ಸುಡೊ ಡಿಮೆಸೇಜ್' ನೋಡಿ, ಅಂದರೆ ಡಿ, ಎಂ, ಇ, ಎಸ್, ಜಿ. ಅಲ್ಲಿ ಫರ್ಮ್‌ವೇರ್ ಸಿಗಲಿಲ್ಲ ಅಂತ ದೂರು ಇರಬಹುದು. ವೈಫೈ ಚಿಪ್ಪೇ ಒಂದು ಪುಟ್ಟ ಕಂಪ್ಯೂಟರ್. ಅದರೊಳಗೆ ಓಡುವ ಫರ್ಮ್‌ವೇರನ್ನು ಕಂಪನಿಗಳು ಸಾಮಾನ್ಯವಾಗಿ ಮೂಲ ಕೋಡ್ ಇಲ್ಲದೆ ಕೊಡ್ತವೆ. ಬ್ರಾಡ್‌ಕಾಮ್ 2010ರಲ್ಲಿ ಕೆಲವು ಚಿಪ್ಪುಗಳಿಗೆ ಮುಕ್ತ ಡ್ರೈವರ್ ಕೊಟ್ಟಿತು, ಎಲ್ಲಕ್ಕೂ ಅಲ್ಲ. ಡೆಬಿಯನ್ ತನ್ನ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಇಂಥ ಫರ್ಮ್‌ವೇರ್ ಸೇರಿಸಿದ್ದು 2023ರ 12ನೇ ಆವೃತ್ತಿಯಿಂದ. ಸೀನಿಯರ್ ಕೊಟ್ಟ ಹಳೇ ಪೆನ್‌ಡ್ರೈವ್ ಬಗ್ಗೆ ಹುಷಾರು!

ಈಗ ಅಸಲಿ ಉಪಾಯ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಸೇರಿಸಿ, ಫೋನಿನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಅದು ಲ್ಯಾನ್ ಕೇಬಲ್ ಥರಾನೇ ಕಾಣುತ್ತೆ, ಬೇರೆ ಡ್ರೈವರ್ ಬೇಡ. ಬಹಳ ಜನ ಗಮನಿಸದ ವಿಷಯ: ಇದಕ್ಕೆ ಟವರ್ ಸಿಗ್ನಲ್ ಇರಲೇಬೇಕಂತಿಲ್ಲ. ಮನೇಲಿ ಫೈಬರ್ ಇದ್ದರೆ ಫೋನನ್ನು ಆ ವೈಫೈಗೇ ಸೇರಿಸಿಟ್ಟು ಟೆದರ್ ಮಾಡಿ; ಫೋನೇ ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಆಗುತ್ತೆ. ಕೇಬಲ್ ಚಾರ್ಜಿಂಗಿಗಷ್ಟೇ ಆಗೋ ಅಗ್ಗದ್ದಾಗಿರಬಾರದು. ಮೊದಲು ರೆಕಾರ್ಡ್ ಅಪ್‌ಲೋಡ್ ಮಾಡಿಬಿಡಿ, ರಿಪೇರಿ ಆಮೇಲೆ.

ಉಬುಂಟುವಿನಲ್ಲಿ 'ಅಡಿಷನಲ್ ಡ್ರೈವರ್ಸ್' ತೆರೆದರೆ ಬ್ರಾಡ್‌ಕಾಮ್‌ನದ್ದು ಸಾಮಾನ್ಯವಾಗಿ ಅಲ್ಲೇ ಸಿಗುತ್ತೆ. ಸೆಕ್ಯೂರ್ ಬೂಟ್ ಇದ್ದರೆ ಒಂದು ಪಾಸ್‌ವರ್ಡ್ ಕೇಳುತ್ತೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತೆ. ಹೆದರಿ ಮುಂದೆ ಹೋಗಬೇಡಿ. 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಇಲ್ಲದಿದ್ದರೆ ಡ್ರೈವರ್ ಇದ್ದೂ ಕರ್ನಲ್ ಅದನ್ನು ಒಳಗೆ ಬಿಡಲ್ಲ.

ವೈಫೈ ಬಂದ ಮೇಲೂ ಒಳಕೋಣೆಯಲ್ಲಿ ಕಡಿತಾ ಇದ್ದರೆ ಅದು ಲಿನಕ್ಸ್ ತಪ್ಪಲ್ಲ. ಹಳೇ ಮನೆಯ ದಪ್ಪ ಮಣ್ಣಿನ ಗೋಡೆಗಳನ್ನು ದಾಟೋದು 5 ಗಿಗಾಹರ್ಟ್ಸ್‌ಗೆ ಕಷ್ಟ, ರೂಟರ್‌ನ 2.4 ಗಿಗಾಹರ್ಟ್ಸ್ ಹೆಸರಿಗೆ ಸೇರಿಕೊಳ್ಳಿ.