ಗುಳ್ಳೆ ಬಾರದಿದ್ದರೆ ಯೀಸ್ಟನ್ನು ಬೈಯಬೇಡಿ

ಅಕ್ವೇರಿಯಂನಲ್ಲಿ ಗಿಡ ಬೆಳೆಸುವವರಿಗೆ ಇಂಗಾಲದ ಡೈಆಕ್ಸೈಡ್ ಯಾಕೆ ಬೇಕೆಂದು ಹೇಳಬೇಕಾಗಿಲ್ಲ. ಸಿಲಿಂಡರ್ ಕೊಳ್ಳಲು ಸಾವಿರಗಟ್ಟಲೆ ಹಣ ಬೇಕು. ಅಷ್ಟು ಖರ್ಚು ಬೇಡವೆಂದವರು ತಂಪು ಪಾನೀಯದ ಬಾಟಲಿಗೆ ಮೊರೆ ಹೋಗುತ್ತಾರೆ. ಎರಡು ಲೀಟರ್ ಬಾಟಲಿಗೆ ಎರಡು ಕಪ್ ಸಕ್ಕರೆ, ಕಾಲು ಟೀ ಚಮಚ ಯೀಸ್ಟ್, ಅರ್ಧ ಟೀ ಚಮಚ ಅಡುಗೆ ಸೋಡಾ, ಬಾಯಿಯಿಂದ ನಾಲ್ಕು ಬೆರಳು ಕೆಳಗಿನವರೆಗೆ ಉಗುರುಬೆಚ್ಚಗಿನ ನೀರು. ಮುಚ್ಚಳದಿಂದ ತೊಟ್ಟಿಗೆ ಒಂದು ಟ್ಯೂಬ್. ಒಂದು ದಿನದೊಳಗೆ ತೊಟ್ಟಿಯಲ್ಲಿ ಗುಳ್ಳೆ ಏಳಬೇಕು.

ಏಳಲಿಲ್ಲವೆಂದರೆ ಬಹಳ ಜನ ಇನ್ನೊಂದು ಚಮಚ ಯೀಸ್ಟ್ ಸುರಿಯುತ್ತಾರೆ. ಮೊದಲು ಬಾಟಲಿ ಹಿಚುಕಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಅನಿಲ ಹುಟ್ಟಿದೆ, ದಾರಿ ಕಟ್ಟಿದೆ ಎಂದರ್ಥ. ಟ್ಯೂಬಿನ ತುದಿಯಲ್ಲಿ ಗುಳ್ಳೆ ಒಡೆಯುವ ಡಿಫ್ಯೂಸರ್ ಪಾಚಿ ಹಿಡಿದಿರಬಹುದು, ಇಲ್ಲವೇ ಅನಿಲವನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ತಿರುಗುಮುರುಗಾಗಿರಬಹುದು. ವಾಲ್ವ್ ಬಿಚ್ಚಿ ಬಾಯಿಂದ ಊದಿದರೆ ಯಾವ ಕಡೆಗೆ ಗಾಳಿ ಹೋಗುತ್ತದೆಂದು ತಿಳಿಯುತ್ತದೆ.

ಬಾಟಲಿ ಮೆತ್ತಗಿದ್ದರೆ ಮುಚ್ಚಳ ತೆರೆದು ಮೂಸಿ. ಹೆಂಡದ ವಾಸನೆ ಬಂದು, ಒಳಗೆ ಸಣ್ಣ ಗುಳ್ಳೆಗಳು ಮೇಲೇಳುತ್ತಿದ್ದರೆ ಯೀಸ್ಟ್ ತನ್ನ ಕೆಲಸ ಮಾಡುತ್ತಿದೆ. ಅನಿಲ ಬೇರೆಲ್ಲೋ ಸೋರುತ್ತಿದೆ. ನಾನು ನೋಡಿದ ಹತ್ತು ಬಾಟಲಿಗಳಲ್ಲಿ ಏಳೆಂಟರ ಕಥೆ ಇದೇ, ಸೋರುವ ಜಾಗವೂ ಒಂದೇ: ಮುಚ್ಚಳದ ತೂತು.

ಕಾದ ಮೊಳೆಯಿಂದ ತೂತು ಮಾಡಿ, ಟ್ಯೂಬ್ ತೂರಿಸಿ, ಸುತ್ತ ಸಿಲಿಕೋನ್ ಮೆತ್ತುವುದು ಎಲ್ಲರ ರೂಢಿ. ಮೊಳೆಯ ತೂತು ದುಂಡಗಿರುವುದಿಲ್ಲ. ಬಾಟಲಿ ಮುಚ್ಚಳದ ಪ್ಲಾಸ್ಟಿಕ್‌ಗೆ ಸಿಲಿಕೋನ್ ಕಚ್ಚುವುದೂ ಇಲ್ಲ. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಎದ್ದು ಬರುತ್ತದೆ. ನಾನೂ ಒಂದು ಟ್ಯೂಬ್ ಸಿಲಿಕೋನ್ ಹಾಳು ಮಾಡಿದ ಮೇಲೆಯೇ ಇದನ್ನು ಕಲಿತದ್ದು. ಅಂಟಿನ ಆಸೆ ಬಿಡಿ. ಏರ್‌ಲೈನ್ ಟ್ಯೂಬಿಗಿಂತ ತುಸು ಸಣ್ಣದಾದ ತೂತನ್ನು ಡ್ರಿಲ್ಲಿನಿಂದ ಕೊರೆಯಿರಿ. ಟ್ಯೂಬಿನ ತುದಿಯನ್ನು ಪೆನ್ನಿನ ನಿಬ್ಬಿನಂತೆ ಓರೆಯಾಗಿ ಕತ್ತರಿಸಿ, ಆ ಚೂಪನ್ನು ತೂತಿಗೆ ತೂರಿಸಿ, ಇನ್ನೊಂದು ಕಡೆಯಿಂದ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಎಳೆಯುವಾಗ ಸಪೂರವಾಗುವ ಟ್ಯೂಬ್ ಬಿಟ್ಟೊಡನೆ ಉಬ್ಬಿ ತೂತನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಮುಚ್ಚಳ ತಿರುಗಿಸಿ, ಟ್ಯೂಬ್ ಮಡಚಿ ಹಿಡಿದು, ಪಾತ್ರೆ ತೊಳೆಯುವ ಸೋಪಿನ ನೀರನ್ನು ತೂತಿನ ಸುತ್ತ ಸವರಿ ಬಾಟಲಿ ಹಿಚುಕಿ. ನೊರೆ ಉಬ್ಬಿದರೆ ಮುಚ್ಚಳ ಎಸೆದು ಹೊಸದಕ್ಕೆ ಕೈ ಹಾಕಿ. ಹಳೆಯದಕ್ಕೆ ತೇಪೆ ಹಾಕುತ್ತಾ ಕೂರಬೇಡಿ.

ವಾಸನೆಯೂ ಇಲ್ಲ, ಗುಳ್ಳೆಯೂ ಇಲ್ಲವೆಂದರೆ ಮಾತ್ರ ಯೀಸ್ಟನ್ನು ಅನುಮಾನಿಸಿ. ಅರ್ಧ ಲೋಟ ಬೆಚ್ಚಗಿನ ಸಕ್ಕರೆ ನೀರಿಗೆ ಒಂದು ಚಿಟಿಕೆ ಹಾಕಿಡಿ. ಹದಿನೈದು ನಿಮಿಷವಾದರೂ ನೊರೆ ಬರದಿದ್ದರೆ ಅದು ಸತ್ತಿದೆ. ಸಕ್ಕರೆ ಬೇಗ ಕರಗಲೆಂದು ಕುದಿಯುವ ನೀರು ಹುಯ್ದು, ಅದು ಆರುವ ಮೊದಲೇ ಯೀಸ್ಟ್ ಹಾಕಿದವರು ತಾವೇ ಅದನ್ನು ಕೊಂದಿರುತ್ತಾರೆ. ಯೀಸ್ಟ್ ಬದಲು ಬೇಕಿಂಗ್ ಪೌಡರ್ ತಂದು ವಾರಗಟ್ಟಲೆ ಕಾದವರೂ ಇದ್ದಾರೆ, ನಗಬೇಡಿ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ದೋಸೆ ಹಿಟ್ಟು ಹುದುಗಲು ಎಷ್ಟು ಸತಾಯಿಸುತ್ತದೋ ಬಾಟಲಿಯೂ ಅಷ್ಟೇ ಸತಾಯಿಸುತ್ತದೆ, ಬೆಚ್ಚಗಿನ ಮೂಲೆಯಲ್ಲಿಡಿ.

ಎರಡು ಮೂರು ವಾರಕ್ಕೆ ಗುಳ್ಳೆ ನಿಂತರೆ ಅದು ದೋಷವಲ್ಲ. ಸಕ್ಕರೆ ತೀರಿರುತ್ತದೆ, ಇಲ್ಲವೇ ತಾನೇ ಮಾಡಿದ ಆಲ್ಕೋಹಾಲ್‌ನಲ್ಲಿ ಯೀಸ್ಟ್ ಸೋತಿರುತ್ತದೆ. ಹೊಸದಾಗಿ ಕಲಸಿ. ಯೀಸ್ಟ್ ಜಾಸ್ತಿ ಹಾಕಿದಷ್ಟೂ ಈ ದಿನ ಬೇಗ ಬರುತ್ತದೆ.

ಉಳಿದದ್ದು ಚುಟುಕಾಗಿ. ಟ್ಯೂಬಿನ ತುದಿಗೆ ಬಿಳಿ ಲೋಳೆ ಕಟ್ಟಿದರೆ ಒರೆಸಿದರಾಯಿತು. ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಟ್ಯೂಬನ್ನು ತೊಟ್ಟಿಯಿಂದ ತೆಗೆದು ಏರ್ ಪಂಪ್ ಹಾಕಿ. ರಾತ್ರಿ ಅನಿಲ ನಿಲ್ಲಿಸಲೆಂದು ಟ್ಯೂಬಿಗೆ ಕ್ಲಿಪ್ ಹಾಕಬೇಡಿ, ಬಾಟಲಿ ಸಿಡಿಯುತ್ತದೆ. ಗಾಜಿನ ಬಾಟಲಿಯಲ್ಲಂತೂ ಇದನ್ನು ಮಾಡಲೇಬೇಡಿ.